ಇನ್ನೊಂದು ಟೇಕ್

"ಏನಮ್ಮಾ ಇದು, ಸತ್ತವನಿಗೆ ಸತ್ತವನ ಬಣ್ಣ ಬಳೀತಿದ್ದೀಯಲ್ಲ?"

ಶವಾಗಾರದ ನೌಕರ ಹಿಂದೆ ನಿಂತು ಹೀಗೆ ಕೇಳಿದಾಗಲೇ ಅಲೆವ್ತೀನಾಳ ಕೈ ನಿಂತದ್ದು. ನೋಡಿದರೆ ಹೌದು. ತಿಖೋನ್ ಸಾವ್ವಿಚ್‌ನ ಕಣ್ಣುಗಳ ಕೆಳಗೆ ಹಸಿರು ಬೆರೆತ ನೀಲಿ, ತುಟಿಗೆ ಬೂದಿ, ಮೂಗಿನ ಪಕ್ಕ ತೆಳ್ಳಗೆ ಹಳದಿ. ವರ್ಷಗಟ್ಟಲೆ ಇದೇ ಮುಖಕ್ಕೆ ಇದೇ ಬಣ್ಣ ಹಚ್ಚಿದ ಕೈ, ತಲೆಯನ್ನು ಕೇಳದೆ ತನ್ನ ಪಾಡಿಗೆ ಕೆಲಸ ಮುಗಿಸುತ್ತಿತ್ತು.

"ಅಭ್ಯಾಸ," ಎಂದಳು ಅವಳು.

"ಎಂಥಾ ಅಭ್ಯಾಸ?"

"ಟಿವಿ ಸೀರಿಯಲ್ಲು. ಇವರು ಹೆಣದ ಪಾತ್ರ ಮಾಡ್ತಿದ್ರು. ನಾನು ಮೇಕಪ್ಪು."

ನೌಕರ ಬಗ್ಗಿ ಮುಖ ನೋಡಿದ. "ಅರೆ! ಕಾಲುವೆಯಿಂದ ಎತ್ತಿ ದಡಕ್ಕೆ ಹಾಕ್ತಾರಲ್ಲ, ಆ ಮುದುಕನಾ? ನಮ್ಮತ್ತೆಗೆ ಇವರು ಅಂದ್ರೆ ಪ್ರಾಣ. 'ಬಾರೋ, ನಮ್ಮೋನು ಮತ್ತೆ ಸತ್ತ' ಅಂತ ಕೂಗಿ ಕರೀತಾಳೆ." ಆಡಿದ ಮೇಲೆ ಅವನಿಗೇ ಕಸಿವಿಸಿಯಾಗಿ ಕತ್ತು ಕೆರೆದುಕೊಂಡ. "ಸರಿ, ಒರೆಸಮ್ಮಾ ಬೇಗ. ಮುಂದಿನವರು ಬರೋ ಹೊತ್ತಾಯ್ತು."

ಅವಳು ಹತ್ತಿ ತೆಗೆದುಕೊಂಡು ಒರೆಸಿದಳು. ಒರೆಸಿದ ಮೇಲೆ ಉಳಿದದ್ದು ಮೇಣದಂಥ ಚರ್ಮ, ಕುಸಿದ ಕೆನ್ನೆ. ಅವಳು ಬಳಿದಿದ್ದ ಸಾವಿಗೂ ಇದಕ್ಕೂ ಅಂಥ ಹೋಲಿಕೆ ಇರಲಿಲ್ಲ. ಇದರಲ್ಲಿ ನೀಲಿಯೂ ಇಲ್ಲ, ಹಸಿರೂ ಇಲ್ಲ. ಇಷ್ಟು ವರ್ಷ ತಾನು ಹಚ್ಚಿದ್ದೆಲ್ಲ ಸುಳ್ಳು ಬಣ್ಣ, ಯಾರೂ ಒಂದು ಮಾತೂ ಅನ್ನಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ರಿಮ್ಮಾ ಪಾವ್ಲೋವ್ನಾ ಕಾಯುತ್ತ ಕೂತಿದ್ದಳು. ಟ್ರಾಮ್ ಓಡಿಸಿ ನಿವೃತ್ತಳಾದ ಹೆಂಗಸು. ದೊಡ್ಡ ಕೈಗಳು, ನೇರ ಬೆನ್ನು. ಬೆಳಿಗ್ಗೆ ಬಂದವಳೇ ಅಲೆವ್ತೀನಾಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದ್ದಳು:

"ನೋಡು ಅಲ್ಯಾ, ನನಗೆ ಅಳು ಬರ್ತಿಲ್ಲ. ನೆರೆಯವರೆಲ್ಲ ನನ್ನ ಮುಖಾನೇ ನೋಡ್ತಿದ್ದಾರೆ. ನಾನೇನು ಮಾಡ್ಲಿ? ಟಿವೀಲಿ ಮೊದಲ್ನೇ ಸಲ ಅವನ ಹೆಣ ನೋಡಿ ಕಿರುಚಿದ್ದೆ. ಆಮೇಲಾಮೇಲೆ ಸೂಪು ಕುಡೀತಾ ನೋಡೋಕೆ ಶುರು ಮಾಡ್ದೆ. ಅಭ್ಯಾಸ ಆಗ್ಹೋಯ್ತು ಕಣೇ."

"ಹೋಗ್ಲಿ ಬಿಡಿ, ರಿಮ್ಮಾ ಪಾವ್ಲೋವ್ನಾ. ಅಳು ಬಂದಾಗ ಬರತ್ತೆ."

"ಪೂರ್ತಿ ಕೇಳು. ದಿನಾ ಬೆಳಿಗ್ಗೆ ಹಾಸಿಗೇಲೇ ಉಸಿರು ಹಿಡಿದು ಅಭ್ಯಾಸ ಮಾಡ್ತಿದ್ದ. ಯಾರೂ ಪಾತ್ರಕ್ಕೆ ಕರೆದಿರ್ಲಿಲ್ಲ, ಆದ್ರೂ ಬಿಟ್ಟಿರ್ಲಿಲ್ಲ. ಮೊನ್ನೆ ಬೆಳಿಗ್ಗೆ ಹಾಗೇ ಮಲಗಿದ್ದ. ಕಾಲಲ್ಲಿ ತಳ್ಳಿದೆ. 'ಸಾಕು ಏಳೋ, ನಿನ್ನ ಹೆಣದ ಪಾರ್ಟು ನನ್ನ ಮುಂದೆ ಬೇಡ' ಅಂದೆ. ಅಡುಗೆಮನೆಗೆ ಹೋಗಿ ಗಂಜಿ ಕಾಯಿಸ್ದೆ. ತಟ್ಟೆಗೆ ಹಾಕ್ದೆ, ಬೆಣ್ಣೆ ಹಾಕ್ದೆ. ಕರೆದೆ. ಬೈದೆ. ಗಂಜಿ ಆರಿ ಗಟ್ಟಿಯಾದ ಮೇಲೆ ಹೋಗಿ ನೋಡಿದೆ."

ಅಲೆವ್ತೀನಾ ಅವಳ ಕೈ ಹಿಡಿದುಕೊಂಡಳು. ರಿಮ್ಮಾ ಬಿಡಿಸಿಕೊಂಡಳು.

"ನನಗೆ ಈಗ್ಲೂ ಅವನು ಆಟ ಆಡ್ತಿದ್ದಾನೆ ಅಂತಾನೇ ಅನ್ಸತ್ತೆ. ಆ ಟಿವಿ ಮುಖ ಮಾತ್ರ ಹಾಕ್ಬೇಡ. ಹಾಕಿದ್ರೆ ಮಣ್ಣು ಮುಚ್ಚೋವರೆಗೂ ಏಳ್ತಾನೆ ಅಂತ ಕಾಯ್ತಾ ಕೂರ್ತೀನಿ. ನನಗೊಂದ್ಸಲ ನಂಬಿಕೆ ಬರ್ಬೇಕು. ಅಷ್ಟು ಮಾಡ್ಕೊಡು."

ಅಷ್ಟು ಮಾಡುವುದು ಹೇಗೆಂದು ಅಲೆವ್ತೀನಾಗೆ ತಿಳಿದಿರಲಿಲ್ಲ. ಟೇಕುಗಳ ನಡುವೆ ಅವನು ಮೇಕಪ್ ಕುರ್ಚಿಯಲ್ಲೇ ತೂಕಡಿಸುವುದಿತ್ತು. ಆ ಮುಖ ಅವಳಿಗೆ ನೆನಪಿತ್ತು. ಕೆನ್ನೆಗೆ ಚೂರು ಕೆಂಪು ತಾಗಿಸಿದಳು, ಹುಬ್ಬು ಬಾಚಿದಳು, ತುಟಿಯ ಬಿಗಿ ಸಡಿಲಿಸಿದಳು. ಪಾದ್ರಿ ಕೊಟ್ಟಿದ್ದ, ಪ್ರಾರ್ಥನೆ ಅಚ್ಚಾದ ಕಾಗದದ ಪಟ್ಟಿಯನ್ನು ಹಣೆಗೆ ಕಟ್ಟಿದಳು.

ಬೀಳ್ಕೊಡುಗೆಯ ಕೋಣೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ರಿಮ್ಮಾ ಬಗ್ಗಿ ಬಹಳ ಹೊತ್ತು ನೋಡಿದಳು. ಹಣೆಗೆ ಮುತ್ತಿಟ್ಟಳು. ನೆಟ್ಟಗೆ ನಿಂತು, "ಚೆನ್ನಾಗಿ ಮಾಡಿದ್ದೀಯ," ಎಂದಳು ಅಲೆವ್ತೀನಾಗೆ. "ಇನ್ನೇನು ಎದ್ದು ಟೀ ಕೇಳ್ತಾನೆ."

ಅವಳ ಕಣ್ಣು ಒಣಗಿಯೇ ಇತ್ತು.

* * *

ಆ ಕುರ್ಚಿಯಲ್ಲಿ ಕೂತಾಗೆಲ್ಲ ತಿಖೋನ್ ಒಂದೇ ಕತೆ ಹೇಳುತ್ತಿದ್ದ. ಅವನಿಗೆ ಇದ್ದದ್ದೂ ಒಂದೇ ಕತೆ.

ಸೋವಿಯತ್ ಕಾಲದ ಕೊನೆಗೆ ಒಂದು ಯುದ್ಧದ ಚಿತ್ರ. ಅವನದು ಗಾಯಾಳು ಟೆಲಿಫೋನ್ ಸೈನಿಕನ ಪಾತ್ರ. ಐದಾರು ಮಾತು, ಆಮೇಲೆ ಹಿಮದಲ್ಲಿ ಸಾವು. ಕ್ಯಾಮೆರಾ ಅವನ ಮುಖದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕು, ಕಣ್ಣು ತೆರೆದೇ ಇರಬೇಕು, ಹಿಮ ಬಿದ್ದರೂ ರೆಪ್ಪೆ ಹೊಡೆಯಬಾರದು. ನಿರ್ದೇಶಕ ಹಟಮಾರಿ. ಬೆಳಕು ಸರಿಯಿಲ್ಲ ಎಂದು ದಿನಗಟ್ಟಲೆ ಎಲ್ಲರನ್ನೂ ಕೂರಿಸಿದ. ಬೆಳಕು ಬಂದಮೇಲೆ ಉಸಿರು ಕಾಣುತ್ತದೆ ಎಂದು ಮತ್ತೆ ಮತ್ತೆ ತೆಗೆದ.

"ಬಾಯಿಂದ ಹಬೆ ಬರಬಾರ್ದು ಅಂತ ಹಿಮ ತುಂಬ್ಕೊಳ್ತಿದ್ದೆ," ಎನ್ನುತ್ತಿದ್ದ ತಿಖೋನ್, ಕನ್ನಡಿಯೊಳಗಿಂದ ಅವಳನ್ನು ನೋಡುತ್ತ. "ಒಂದ್ಸಲ ಸತ್ತೇ ಹೋದೆ ಅನ್ಕೊಂಡೆ. ಕಟ್ ಅಂದಿದ್ದೂ ಕೇಳಿಸ್ಲಿಲ್ಲ. ಆವಾಗ ನಿರ್ದೇಶಕರು ಬಂದು ತಮ್ಮ ಕೋಟು ತೆಗೆದು ನನ್ನ ಮೇಲೆ ಹೊದಿಸಿದ್ರು, ಅಲ್ಯಾ. ಒಂದು ಮಾತಾಡ್ಲಿಲ್ಲ. ಕೋಟು ಹೊದಿಸಿದ್ರು, ಅಷ್ಟೇ."

"ನ್ಯೂಮೋನಿಯಾ ಆಯ್ತಲ್ಲ, ಅದನ್ನೂ ಹೇಳಿ."

"ಆಯ್ತು. ಆದ್ರೆ ಆ ಶಾಟು ನೋಡು. ಉಸಿರಿಲ್ಲ!"

ಅವಳು ಅದನ್ನು ನೋಡಿದ್ದಳು. ನಿಜಕ್ಕೂ ಉಸಿರಿರಲಿಲ್ಲ.

ಚಿತ್ರ ಬಂದ ಸ್ವಲ್ಪ ವರ್ಷಕ್ಕೆ ದೇಶವೇ ಮುಗಿಯಿತು. ಸ್ಟುಡಿಯೋದ ದೊಡ್ಡ ಚಿತ್ರೀಕರಣದ ಪೆವಿಲಿಯನ್ನನ್ನು ಸೋಫಾ ಮಂಚ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ತಿಖೋನ್ ಅಲ್ಲಿಯೇ ಕಾವಲುಗಾರನಾದ. ತಾನು ಪಾರ್ಟು ಮಾಡಿದ ಜಾಗದಲ್ಲಿ, ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ನಡುವೆ, ದೊಣ್ಣೆ ಹಿಡಿದು ತಿರುಗುತ್ತಿದ್ದ. ಮತ್ತೆ ಚಿತ್ರೀಕರಣ ಶುರುವಾದಾಗ ಬಂದದ್ದು ಪೊಲೀಸ್ ಧಾರಾವಾಹಿಗಳು. ಪೊಲೀಸರಿದ್ದ ಮೇಲೆ ಹೆಣ ಬೇಕು.

* * *

ಸ್ಮಶಾನದಲ್ಲಿ ಮೆತ್ತನೆ ಹಿಮ ಕೆಸರಾಗಿ ಕಾಲಿಗೆ ಅಂಟುತ್ತಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ರಿಮ್ಮಾ ಕೈ ಕೊಡವಿಕೊಂಡು, ಕೊನೆಯ ನಿಲ್ದಾಣದಲ್ಲಿ ಟ್ರಾಮ್ ಖಾಲಿಯಾಗುವುದನ್ನು ಕಾಯುವವಳ ಹಾಗೆ ನಿಂತಿದ್ದಳು. ಅಲ್ಲಿಂದ ಬಸ್ಸಿನಲ್ಲಿ ಸ್ಮಶಾನದ ಗೇಟಿನೆದುರಿನ ಹೋಟೆಲಿಗೆ ಬಂದರು. ಶವಸಂಸ್ಕಾರದ ಊಟ ಹಾಕುವುದೇ ಅದರ ವ್ಯಾಪಾರ.

ಮೇಜಿನ ತುದಿಯಲ್ಲಿ ತಿಖೋನ್‌ನ ಚಿತ್ರಪಟ, ಮುಂದೆ ಅವನ ಪಾಲಿನ ಒಂದು ಲೋಟ ವೊಡ್ಕಾ, ಅದರ ಮೇಲೆ ಕಪ್ಪು ಬ್ರೆಡ್ಡಿನ ತುಂಡು. ಚಿತ್ರಪಟ ಆ ಯುದ್ಧದ ಚಿತ್ರದ್ದೇ: ಕಿವಿಗೆ ಟೆಲಿಫೋನ್ ಹಿಡಿದು ನಗುತ್ತಿರುವ ಹುಡುಗ. ಜೇನು, ದ್ರಾಕ್ಷಿ ಹಾಕಿ ಬೇಯಿಸಿದ ಗೋಧಿಯನ್ನು ಎಲ್ಲರೂ ಒಂದೊಂದು ಚಮಚ ತಿಂದರು. ತೆಳ್ಳನೆ ದೋಸೆಯಂಥ ಬಿಸಿ ಬ್ಲಿನಿ ಬಂದವು. ಮೂಲೆಯ ಗೋಡೆಯಲ್ಲಿ ಟಿವಿ ಸದ್ದಿಲ್ಲದೆ ಓಡುತ್ತಿತ್ತು.

ಧಾರಾವಾಹಿಯ ನಿರ್ದೇಶಕ ಸ್ತಾಸ್ ತನ್ನ ಲೋಟವನ್ನು ಪಕ್ಕದ ಮುದುಕನ ಲೋಟಕ್ಕೆ ತಾಗಿಸಲು ಹೋದ. ಮುದುಕ ತಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಅವನು ಗ್ಲೆಬ್ ಯೂರ್ಯೆವಿಚ್, ಆ ಯುದ್ಧದ ಚಿತ್ರಕ್ಕೆ ಕ್ಯಾಮೆರಾ ಹಿಡಿದವನು.

"ಸತ್ತವರ ಊಟದಲ್ಲಿ ಲೋಟ ತಾಗಿಸಬಾರ್ದು ಅನ್ನೋದೂ ಗೊತ್ತಿಲ್ವೇನಯ್ಯಾ?"

"ಕ್ಷಮಿಸಿ. ಕೈ ಹಾಗೇ ಹೋಯ್ತು."

"ನಿಮ್ಮ ಕೈಗಳೆಲ್ಲಾ ಹಾಗೇ ಹೋಗತ್ತೆ, ಅದೇ ಕಷ್ಟ. ಕ್ಯಾಮೆರಾನೂ ಹಾಗೇ ಹೋಗತ್ತೆ." ಗ್ಲೆಬ್ ವೊಡ್ಕಾ ಕುಡಿದು ಬ್ರೆಡ್ಡು ಮೂಸಿದ. "ನಾವು ಸಿನಿಮಾ ಮಾಡ್ತಿದ್ವಿ. ಒಂದು ಮೋಡಕ್ಕೆ ವಾರಗಟ್ಲೆ ಕಾದಿದ್ದೀನಿ ನಾನು. ನೀವು ಮಾಡೋದು ಹಸಿ ಹಿಟ್ಟು. ಒಂದು ಕಡೆ ಬೆಂದಿಲ್ಲ, ಅಷ್ಟರಲ್ಲಿ ತಟ್ಟೆಗೆ."

"ಕಾದ್ರಿ, ಯಾರು ಇಲ್ಲ ಅಂದ್ರು? ಮೋಡ ಬಂದ್ರೂ ಸಂಬಳ, ಬರದಿದ್ರೂ ಸಂಬಳ. ಆ ವರ್ಷ ನಿಮ್ಮ ಸ್ಟುಡಿಯೋದಿಂದ ಇನ್ನೇನೇನು ಬಂತು, ಹೆಸರು ಹೇಳಿ ನೋಡೋಣ. ಉಕ್ಕಿನ ಕಾರ್ಖಾನೆ, ಕಾರ್ಖಾನೇಲೊಂದು ಮೀಟಿಂಗು, ಮೀಟಿಂಗಲ್ಲಿ ತಪ್ಪೊಪ್ಕೊಳ್ಳೋ ಎಂಜಿನಿಯರ್ರು. ನಮ್ಮಪ್ಪ ನಿದ್ದೆ ಮಾಡೋಕೇ ಟಾಕೀಸಿಗೆ ಹೋಗ್ತಿದ್ದ."

"ಒಂದಾದ್ರೂ ಇತ್ತಲ್ಲ!"

"ಒಂದಿತ್ತು. ಅದನ್ನೇ ಇವತ್ತಿಗೂ ಚಪ್ಪರಿಸ್ತಿದ್ದೀರಿ. ತಿಖೋನ್ ಮಾಮ ಆ ಸೋಫಾ ಅಂಗಡಿ ಕಾಯ್ತಿದ್ದಾಗ ನೀವೆಲ್ಲಿದ್ರಿ, ಗ್ಲೆಬ್ ಯೂರ್ಯೆವಿಚ್? ಕೆಟ್ಟದ್ದೋ ಒಳ್ಳೇದೋ, ಅವರಿಗೆ ಕೆಲಸ ಕೊಟ್ಟೋನು ನಾನು."

ಗ್ಲೆಬ್ ಬ್ಲಿನಿಯನ್ನು ಫೋರ್ಕಿನಿಂದ ಅತ್ತಿತ್ತ ಸರಿಸಿದ. "ಮದುವೆ ವಿಡಿಯೋ ತೆಗೀತಿದ್ದೆ," ಎಂದ.

ಯಾರೂ ನಗಲಿಲ್ಲ. ಅಲೆವ್ತೀನಾ ಇದೇ ಜಗಳವನ್ನು ಎಷ್ಟು ಊಟಗಳಲ್ಲಿ ಕೇಳಿದ್ದಳೋ. ಇಬ್ಬರೂ ಹೇಳುವುದು ಸರಿ ಎಂದು ಪ್ರತಿ ಸಲವೂ ಅನಿಸುತ್ತಿತ್ತು. ಹಾಗೆ ಅನಿಸಿದ್ದರಿಂದ ಯಾವ ಉಪಯೋಗವೂ ಆಗುತ್ತಿರಲಿಲ್ಲ. ಅವಳ ಕಣ್ಣು ರಿಮ್ಮಾಳ ಮೇಲಿತ್ತು. ರಿಮ್ಮಾ ಎಲ್ಲರ ತಟ್ಟೆಗೂ ಬಡಿಸುತ್ತಿದ್ದಳು, ಖಾಲಿ ಲೋಟಗಳನ್ನು ಒಟ್ಟುಮಾಡುತ್ತಿದ್ದಳು, ನೆರೆಮನೆಯ ಹೆಂಗಸಿಗೆ ಹಣ್ಣಿನ ಪಾನಕ ಕಿಸೆಲ್ ತಣ್ಣಗಾಯಿತೆಂದು ಗದರುತ್ತಿದ್ದಳು. ಮನೆಗೆ ಹೋದರೆ ಅಲ್ಲೊಂದು ಹಾಸಿಗೆ ಇದೆ. ಅದರಲ್ಲಿ ಅವನಿಲ್ಲದ್ದನ್ನು ಕಂಡು, 'ಎಲ್ಲಿ ಹೋದ ಇವನು' ಎಂದುಕೊಳ್ಳುತ್ತಾಳೆ. ಅವನು ಸತ್ತದ್ದು ಒಬ್ಬಳೇ ಇರುವಾಗ ತಲೆಗೆ ಹತ್ತುತ್ತದೆ. ಅವಳಿಗೆ ನಂಬಿಕೆ ಬರಿಸುವುದು, ಅಲೆವ್ತೀನಾಳ ಕೈಯಿಂದ ಆಗಬೇಕಿದ್ದ ಕೆಲಸ ಅದೊಂದೇ, ಅದೂ ಆಗಲಿಲ್ಲ.

* * *

ಹೋದ ಚಳಿಗಾಲದಲ್ಲಿ, ಮುಚ್ಚಿಹೋದ ಒಂದು ಹೋಟೆಲಿನ ಮೊಸಾಯಿಕ್ ನೆಲದ ಮೇಲೆ ತಿಖೋನ್ ಬಿದ್ದುಕೊಂಡಿದ್ದ. ಅಂಗಿ ಮನೆಯಿಂದಲೇ ತಂದದ್ದು. ಹೆಣಕ್ಕೆ ಬಟ್ಟೆ ಕೊಡುವಷ್ಟು ದುಡ್ಡು ಧಾರಾವಾಹಿಯವರಲ್ಲಿರಲಿಲ್ಲ. ಬೂದು ಚೌಕಳಿಯ ಅಂಗಿ, ಬಿಳಿ ಬಟನ್‌ಗಳು, ನಡುವೆ ಒಂದು ಮಾತ್ರ ಕಂದು. "ರಿಮ್ಮಾ ಹಾಕಿದ್ದು," ಎಂದಿದ್ದ. "ಬಿಳೀದು ಸಿಗ್ಲಿಲ್ವಂತೆ. ಹುಡುಕೋ ತಾಳ್ಮೆ ಇಲ್ಲ ಅನ್ನು."

ಆ ದಿನ ಅವನಿಗೆ ಕೆಮ್ಮು. ಟೇಕ್ ಶುರುವಾಯಿತು, ಪತ್ತೇದಾರನ ಪಾತ್ರಧಾರಿ ಬಗ್ಗಿದ, ಮಾತು ಹೇಳಿದ. ಸ್ತಾಸ್ "ಆಯ್ತು, ಮುಂದಿನದು!" ಎಂದ.

ತಿಖೋನ್ ಮೊಣಕೈ ಊರಿ ಎದ್ದ. "ಸ್ತಾಸ್, ತಡಿಯಪ್ಪ. ಇನ್ನೊಂದು ಟೇಕ್ ತಗೋ. ಎದೆ ಅಲ್ಲಾಡ್ತು."

"ಅಲ್ಲಾಡ್ಲಿ ಮಾಮ. ಯಾರು ನೋಡ್ತಾರೆ? ಮೂರು ಸೀನು ಬಾಕಿ ಇದೆ, ಸಾಯಂಕಾಲ ಈ ಜಾಗ ಬಿಟ್ಕೊಡ್ಬೇಕು."

"ಒಂದೇ ಒಂದು. ಉಸಿರು ಹಿಡಿದಿದ್ದೆ, ಕೊನೇಲಿ ತಪ್ಪಿಹೋಯ್ತು."

"ಹೆಣ ಇದ್ದ ಜಾಗದಲ್ಲಿ ಹೆಣ ಇದ್ರೆ ಸಾಕು ಅವರಿಗೆ. ಏಳಿ, ಕೂತು ಟೀ ಕುಡೀರಿ."

ಅಲೆವ್ತೀನಾ ಮುಖ ಒರೆಸುವಾಗ ಅವನು ಕನ್ನಡಿ ನೋಡಲಿಲ್ಲ. "ನಿನಗೂ ಕಾಣ್ತಾ?" ಎಂದು ಕೇಳಿದ.

"ಇಲ್ಲ," ಎಂದಳು ಅವಳು.

ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

* * *

"ಅಯ್ಯೋ, ಇವರೇ ಅಲ್ವಾ?"

ಬಡಿಸುತ್ತಿದ್ದ ಹುಡುಗಿ ತಟ್ಟೆ ಹಿಡಿದು ನಡುವೆ ನಿಂತುಬಿಟ್ಟಿದ್ದಳು. ಮೇಜಿನ ಚಿತ್ರಪಟ ನೋಡಿದಳು, ಗೋಡೆಯ ಟಿವಿ ನೋಡಿದಳು. ಎಲ್ಲರೂ ತಿರುಗಿದರು.

ಟಿವಿಯಲ್ಲಿ ಮೊಸಾಯಿಕ್ ನೆಲ. ಅದರ ಮೇಲೆ ತಿಖೋನ್ ಸಾವ್ವಿಚ್, ಕಣ್ಣಿನ ಕೆಳಗೆ ಹಸಿರು ಬೆರೆತ ನೀಲಿ.

"ಆರಿಸಮ್ಮಾ ಅದನ್ನ!" ಎಂದು ಗ್ಲೆಬ್ ಕೂಗಿದ. "ಇವತ್ತೂ ಬಿಡ್ಲಿಲ್ಲವಲ್ಲ ಅವನನ್ನ!"

"ಮಧ್ಯಾಹ್ನ ಹಳೇ ಎಪಿಸೋಡು ಮತ್ತೆ ಹಾಕ್ತಾರೆ," ಎಂದ ಸ್ತಾಸ್, ಮುಖ ಕೆಂಪೇರಿ. "ನನಗೆ ಹೊಳೀಲಿಲ್ಲ."

ಅಲೆವ್ತೀನಾ ಎದ್ದು ರಿಮೋಟ್ ಹುಡುಕಿದಳು. ಮುಂದೇನು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವನು ಯಾರಿಗೂ ಕಾಣಬಾರದೆಂದು ಬೇಡಿಕೊಂಡದ್ದನ್ನು ಅವನ ಊಟದ ಮೇಜಿನಲ್ಲೇ ಎಲ್ಲರೂ ನೋಡುವುದು ಬೇಡವಾಗಿತ್ತು. ರಿಮೋಟ್ ಬ್ರೆಡ್ಡಿನ ಬುಟ್ಟಿಯ ಪಕ್ಕದಲ್ಲಿತ್ತು. ಅದರ ಮೇಲೆ ರಿಮ್ಮಾ ತನ್ನ ದೊಡ್ಡ ಕೈ ಇಟ್ಟಳು.

"ಇರ್ಲಿ ಬಿಡು, ಅಲ್ಯಾ. ಆ ಅಂಗಿ ನಮ್ಮನೇದು." ಆಮೇಲೆ, "ಸೌಂಡ್ ಕೊಡು," ಎಂದಳು ಹುಡುಗಿಗೆ.

ಹುಡುಗಿ ಟಿವಿಯ ಕೆಳಗೆ ಕೈ ಚಾಚಿ ಸದ್ದು ಹೆಚ್ಚಿಸಿದಳು. ಪತ್ತೇದಾರ ಹೆಣದ ಪಕ್ಕ ಕೂತು ಕೈಗವಸು ಹಾಕಿಕೊಳ್ಳುತ್ತಿದ್ದ. ಕ್ಯಾಮೆರಾ ಸುಮ್ಮನೆ ಅಲ್ಲೇ ಇತ್ತು. ಬೂದು ಚೌಕಳಿ, ಬಿಳಿ ಬಟನ್, ಬಿಳಿ ಬಟನ್, ಕಂದು ಬಟನ್.

ಕಂದು ಬಟನ್ ಅಲುಗಿತು.

ಗ್ಲೆಬ್ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಸ್ತಾಸ್ ಮೇಜುಬಟ್ಟೆ ನೋಡಿದ. ರಿಮ್ಮಾ ಕೂತಲ್ಲೇ ಮುಂದಕ್ಕೆ ಬಾಗಿದಳು.

"ಉಸಿರಾಡ್ತಿದ್ದಾನೆ," ಎಂದಳು.

ಹುಡುಗಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಮೊನ್ನೆ ಬೆಳಿಗ್ಗೆ ಹೀಗಿರ್ಲಿಲ್ಲ." ಅವಳ ದನಿ ಇದ್ದಕ್ಕಿದ್ದಂತೆ ತೆಳ್ಳಗಾಗಿತ್ತು. "ಅಲ್ಯಾ, ಮೊನ್ನೆ ಹೀಗೆ ಅಲ್ಲಾಡ್ತಿರ್ಲಿಲ್ಲ ಕಣೇ. ಒಂದು ಚೂರೂ. ನಾನು ಕಾಲಲ್ಲಿ ತಳ್ಳಿದಾಗ..."

ಮುಂದಿನ ಮಾತು ಬರಲಿಲ್ಲ. ಬಂದದ್ದು ಬೇರೆಯೇ ಸದ್ದು, ಕಬ್ಬಿಣದ ಹಳಿಯ ಮೇಲೆ ಚಕ್ರ ಉಜ್ಜಿದಂಥದು. ನೆರೆಮನೆಯ ಹೆಂಗಸು ಎದ್ದು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅಲೆವ್ತೀನಾ ನಿಂತೇ ಇದ್ದಳು, ಕೈಯಲ್ಲಿ ಏನೂ ಇರಲಿಲ್ಲ.

ಗೋಡೆಯ ಮೇಲೆ ಪತ್ತೇದಾರ ಎದ್ದು ನಿಂತು ಜೊತೆಯವನಿಗೆ ಹೇಳಿದ: "ಸತ್ತು ಬಹಳ ಹೊತ್ತಾಗಿದೆ." ಅವನ ಬೂಟಿನ ಪಕ್ಕದಲ್ಲಿ ಕಂದು ಬಟನ್ ಮೆಲ್ಲಗೆ ಮೇಲೆದ್ದಿತು, ಇಳಿಯಿತು, ಮತ್ತೆ ಮೇಲೆದ್ದಿತು.