ಹತ್ತು ಮಕ್ಕಳ ಬಾಟಲಿ

ಕಳೆ ಕೀಳುವ ಕಾಲ. ತಾಯಂದಿರೆಲ್ಲ ಹೊಲದಲ್ಲಿದ್ದರು. ಶಾಲೆಯ ಜಗುಲಿಯಲ್ಲಿ ನರ್ಸಮ್ಮ ಬಂದ ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತಿದ್ದಳು, ಆದರೆ ಅವಳ ಕಣ್ಣೆಲ್ಲ ಕೆರೆಯ ಕಡೆ. ಬೆಳಗ್ಗೆ ಕೆರೆಯಂಚಿನ ಮನೆಯೊಂದರಲ್ಲಿ ಮಗುವಿಗೆ ದಡಾರ ಎದ್ದಿದೆ ಎಂಬ ಸುದ್ದಿ ಬಂದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ದಡಾರದ ಲಸಿಕೆಯ ಒಂದು ಬಾಟಲಿ ಹತ್ತು ಮಕ್ಕಳಿಗೆ. ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬರುತ್ತಿದ್ದುದು ಆರೋ ಏಳೋ. ಯಾಕೆ ಚೆಲ್ಲಿದಿರಿ ಎಂದು ಮೇಲಿನವರು ಜೀವ ತಿನ್ನುತ್ತಾರೆಂದು ಅವಳು ಪ್ರತಿ ಸಲವೂ ಹತ್ತು ಹೆಸರು ಬರೆಯುತ್ತಿದ್ದಳು. ಬಾರದವರನ್ನು ಮುಂದಿನ ವಾರ ಹಿಡಿದು ಚುಚ್ಚಿದರಾಯಿತು ಎಂಬ ಧೈರ್ಯ. ಕೆಲವರು ಆಮೇಲೆ ಬಂದರು. ಅವರ ಹೆಸರು ಪಟ್ಟಿಗೆ ಎರಡೆರಡು ಸಲ ಏರಿತು. ಮೂವತ್ತೊಂದು ಮಕ್ಕಳು ಬರಲೇ ಇಲ್ಲ.

ಅವಳು ಔಷಧಿ ಉಗ್ರಾಣದ ಗುಮಾಸ್ತನಿಗೆ ಫೋನ್ ಮಾಡಿದಳು.

"ಅಣ್ಣಾ, ದಡಾರದ್ದು ಮೂರು ಬಾಟಲಿ ಬೇಕು. ಈಗಲೇ."

"ನಿಮ್ಮೂರಿಗಾ? ನೂರಕ್ಕೆ ನೂರಾ ನಾಲ್ಕು ಮಾಡಿದೀಯಲ್ಲಮ್ಮಾ! ಹುಟ್ಟದೇ ಇರೋರಿಗೂ ಚುಚ್ಚಿದೀಯ. ಇನ್ಯಾರಿಗೆ, ಕರುಗಳಿಗಾ?" ಅವನು ನಕ್ಕ. "ಪಕ್ಕದೂರಲ್ಲಿ ಅರವತ್ತೆರಡೇ ಇರೋದು. ಇರೋ ಬಾಟಲಿ ಅಲ್ಲಿಗೆ ಹೊರಟಿದೆ."

ನರ್ಸಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು.

"ಆ ನೂರಾ ನಾಲ್ಕು ಸುಳ್ಳಣ್ಣ."

ಅತ್ತ ನಗು ನಿಂತಿತು. "ಮೆಲ್ಲಗೆ ಮಾತಾಡು ತಂಗಿ. ಸುಳ್ಳು ಲೆಕ್ಕ ಅಂತ ಬರೆದುಕೊಡಬೇಕಾಗುತ್ತೆ. ಕೆಲಸಕ್ಕೇ ಕುತ್ತು."

"ಬರೆದುಕೊಡ್ತೀನಿ. ಮೂವತ್ತೊಂದು ಹೆಸರೂ ಕೊಡ್ತೀನಿ."

"ಮೂವತ್ತೊಂದಕ್ಕೆ ಮೂರೇ ಬಾಟಲಿ ಸಾಕಾ?"

"ಒಂದು ಮಗು ಆಗಲೇ ದಡಾರ ಬಂದು ಮಲಗಿದೆಯಲ್ಲ."

ಮಧ್ಯಾಹ್ನ ಬಾಟಲಿಗಳು ಬಂದವು. ಪೆಟ್ಟಿಗೆ ಹೆಗಲಿಗೇರಿಸಿ ಅವಳು ಬದುವಿನಿಂದ ಬದುವಿಗೆ ನಡೆದಳು. ಮಣ್ಣುಗೈಯ ತಾಯಂದಿರು ಮಕ್ಕಳನ್ನು ಹಿಡಿದುಕೊಂಡರು. "ಇವತ್ತೇನಕ್ಕಾ, ಮನೆದೇವರೇ ಹೊಲಕ್ಕೆ ಬಂದಂಗೆ?" ಎಂದು ಒಬ್ಬಳು ಚುಡಾಯಿಸಿದಳು. ನರ್ಸಮ್ಮನಿಗೆ ನಗು ಬರಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಮೂವತ್ತೂ ಮುಗಿದವು.

ಕೊನೆಗೆ ಕೆರೆಯಂಚಿನ ಮನೆ. ತಾಯಿ ಬಾಗಿಲಿಗೆ ಬಂದಳು.

"ಹೊಲಹೊಲ ಸುತ್ತಿ, ಬರೀ ಹೆಸರು ಬರೆದಿದ್ದೋರಿಗೆಲ್ಲ ಈಗ ಚುಚ್ತಾ ಇದೀರಂತೆ. ನಮ್ಮದಕ್ಕೂ ಹಾಕಿ ಆಗಿದೆ ಅಂತ ಬರ್ಕೊಂಡಿದ್ರಾ?"

"ಹೂಂ."

"ಅದಕ್ಕೇ ನಮ್ಮನ್ನ ಕರೆಯೋಕೆ ಯಾರೂ ಬರಲಿಲ್ಲ."

ಒಳಗೆ ಮಗು ಕೆಮ್ಮಿತು. ತಾಯಿ ತಿರುಗಿ ಹೋದಳು. ಬಾಗಿಲು ಹಾಕಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ.