ಗಂಡು ಚೇಳಿನ ಅರ್ಧ ಕಡ್ಡಿ

ಮನೆಯಲ್ಲೂ ಅತ್ತೆ, ಕೆಲಸದಲ್ಲೂ ಅತ್ತೆ. ಇಂಥ ಪುಣ್ಯ ಯಾವ ಸೊಸೆಗಿದೆ ಹೇಳಿ! ಪ್ರಾಣಿಶಾಸ್ತ್ರ ಸಂಗ್ರಹಾಲಯದ ಚೇಳಿನ ಕೋಣೆಗೆ ಅವರೇ ಯಜಮಾನಿ. ಸೀಸೆ ಒರೆಸುವುದು, ಸತ್ತ ಚೇಳುಗಳ ಹೊಟ್ಟೆ ಕೊಯ್ಯುವುದು ನನ್ನ ಪಾಲು. "ಚೇಳಿಗೆ ಪಾರುಪತ್ಯ ಕೊಟ್ಟ ಹಾಗಾಯ್ತು" ಎಂದು ನನ್ನ ಗಂಡ ನಗುತ್ತಾನೆ. ಯಾರನ್ನು ಚೇಳು ಅಂದನೋ, ನಾವಿಬ್ಬರೂ ಕೇಳಿಲ್ಲ.

ಅತ್ತೆಯ ಕಣ್ಣಿನ ನರ ಒಣಗುತ್ತಿದೆ. ವರ್ಷ ತುಂಬುವುದರೊಳಗೆ ಪೂರ್ತಿ ಕತ್ತಲೆ ಎಂದಿದ್ದಾರೆ ಡಾಕ್ಟರು. ಅವರಿಗೆ ಉಳಿದಿದ್ದ ಆಸೆ ಒಂದೇ. ಮೂವತ್ತು ವರ್ಷದ ಹಿಂದೆ ಕಲ್ಲುಗುಡ್ಡವೊಂದರಲ್ಲಿ ತಾವೇ ಹಿಡಿದ ಗಂಡು ಚೇಳು ಹೊಸ ಜಾತಿಯದು ಎಂದು ಕಣ್ಣಾರೆ ನೋಡಿಬಿಡಬೇಕು. ಸಿಕ್ಕಿದ್ದು ಅದೊಂದೇ ಎಂದು ಇಷ್ಟು ವರ್ಷ ಕೊಯ್ಯದೆ ಇಟ್ಟಿದ್ದರು. ಜಾತಿ ಯಾವುದೆಂದು ಹೇಳುವುದು ಗಂಡಿನ ಹೊಟ್ಟೆಯೊಳಗೆ ವೀರ್ಯ ಹೊರುವ ಬೀಜದ ಕಡ್ಡಿ. ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಇರುತ್ತದೆ. ಕೂಡುವ ಕಾಲಕ್ಕೆ ಎರಡೂ ಅಂಟಿಕೊಂಡು ಒಂದಾಗುತ್ತವೆ. ಗಂಡು ಅದನ್ನು ನೆಲಕ್ಕೆ ನೆಟ್ಟು, ಹೆಣ್ಣಿನ ಕೈ ಹಿಡಿದು ಅದರ ಮೇಲಕ್ಕೆ ನಡೆಸಿಕೊಂಡು ಬರುತ್ತದೆ. ಕಡ್ಡಿಯಲ್ಲಿ ಒಂದು ಕೊಕ್ಕೆಯಿದ್ದರೆ ಹಳೇ ಜಾತಿ, ಎರಡಿದ್ದರೆ ಹೊಸದು. ಎಡಗಡೆಯ ಅರ್ಧ ಆಗಲೇ ಅತ್ತೆಯ ಕೈಯಲ್ಲಿ ಪುಡಿಯಾಗಿತ್ತು. ಉಳಿದಿದ್ದು ಬಲಗಡೆಯದೊಂದೇ.

ಅದನ್ನು ಆ ಮಧ್ಯಾಹ್ನ ನಾನು ಬಿಡಿಸಿ ತೆಗೆದೆ. ಅಕ್ಕಿಕಾಳಿನಷ್ಟು ಉದ್ದ, ಗಾಜಿನ ಹಾಗೆ ತಿಳಿ. ಕಪ್ಪು ಹಾಸಿನ ಮೇಲೇ ಕೆಲಸ ಮಾಡಬೇಕೆಂಬುದು ನಮ್ಮ ಕೋಣೆಯ ಕಟ್ಟಳೆ. ಹಾಸು ಒದ್ದೆಯಾಗಿತ್ತು, ನನಗೋ ಮೂಗಿನ ತುದಿಯಲ್ಲೇ ಕೋಪ. ಬಿಳಿ ಟಿಶ್ಯೂ ಹರಡಿಕೊಂಡೆ. ಕಡ್ಡಿಗೆ ಅಂಟಿದ್ದನ್ನು ಒರೆಸಿ ನೋಡುತ್ತೇನೆ, ಚಿಮಟದ ತುದಿ ಖಾಲಿ!

"ಯಾಕೇ ಸುಮ್ಮನಾದೆ?" ಎಂದರು ಅತ್ತೆ.

"ಕಳೆದುಹೋಯ್ತು ಅತ್ತೆ. ಹಾಸು ಬಿಟ್ಟು ಟಿಶ್ಯೂ ಹಾಕ್ಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಗೋಡೆ ತಡವಿಕೊಂಡು ಹೋಗಿ ಕಿಟಕಿಯ ಪರದೆ ಎಳೆದರು, ದೀಪ ಆರಿಸಿದರು, ಜೇಬಿನಿಂದ ಚೇಳಿನ ಮೈ ಹೊಳೆಯಿಸುವ ಯುವಿ ಟಾರ್ಚ್ ತೆಗೆದು ಒತ್ತಿದರು. ಟಿಶ್ಯೂ ಮತ್ತು ನನ್ನ ಬಿಳಿ ಕೋಟು ಕಣ್ಣು ಕುಕ್ಕುವ ಹಾಗೆ ಉರಿದವು. ಬೇರೇನೂ ಕಾಣಲಿಲ್ಲ.

"ಟಿಶ್ಯೂ ಮೇಲೆ ತಟ್ಟೆ ಕವುಚು. ಕೋಟು ಮೆಲ್ಲಗೆ ತೆಗಿ."

ತಟ್ಟೆ ಕವುಚಿ, ಕೋಟನ್ನು ಮೇಜಿನಡಿ ಸೇರಿಸಿದೆ. ಬಿಳುಪು ಮುಚ್ಚಿಹೋದದ್ದೇ ತಡ, ಕೋಣೆ ಬೇರೆಯಾಯಿತು. ಅಬ್ಬಾ! ಗೋಡೆಯುದ್ದಕ್ಕೂ ಸೀಸೆಗಳಲ್ಲಿದ್ದ ಚೇಳುಗಳೆಲ್ಲ ನೀಲಿಹಸಿರಾಗಿ ಹೊತ್ತಿಕೊಂಡಿದ್ದವು. ನಾನು ಹುಟ್ಟುವ ಮುಂಚೆ ಸತ್ತವು ಕೂಡ, ನಿನ್ನೆಯಷ್ಟೇ ಸತ್ತಂತೆ. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಜೀವಂತ ತಾಯಿಚೇಳು ಬೆಳಗುತ್ತಿತ್ತು. ಬೆನ್ನಿನ ಮೇಲಿದ್ದ ಮರಿಗಳು ಮಾತ್ರ ಮಂಕು, ಅವಿನ್ನೂ ಮೊದಲ ಪೊರೆ ಕಳಚಿರಲಿಲ್ಲ. ಒಂದೊಂದನ್ನೇ ಟಾರ್ಚ್ ಹಿಡಿದು ನೋಡಿದ್ದೆನೇ ಹೊರತು ಇಡೀ ಗೋಡೆಯನ್ನು ಹೀಗೆ ನೋಡಿರಲಿಲ್ಲ. ಕಳೆದದ್ದನ್ನೂ ಒಂದು ಗಳಿಗೆ ಮರೆತೆ.

"ಅಲ್ಲಾಡ್ಬೇಡ!" ಅತ್ತೆ ನನ್ನ ಕೈ ಹಿಡಿದುಕೊಂಡರು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ಳಂತೆ. ನಿನ್ನ ಮಣಿಕಟ್ಟಿನ ಮೇಲೇ ಇದೆಯಲ್ಲೇ!"

ಇತ್ತು. ಹಸಿರು ನೂಲಿನ ಚೂರು. ಬೆಳಿಗ್ಗೆ ಎಡದ ಚಪ್ಪಲಿ ಯಾವುದು, ಬಲದ್ದು ಯಾವುದು ಎಂದು ತಿಳಿಯದ ಕಣ್ಣು ಅದನ್ನು ನನಗಿಂತ ಮೊದಲು ಕಂಡಿತ್ತು.

ಕಡ್ಡಿಯನ್ನು ಕಪ್ಪು ಬಿಲ್ಲೆಯ ಮೇಲಿಟ್ಟು ಸೂಕ್ಷ್ಮದರ್ಶಕದಡಿ ಸರಿಸಿದೆ, ಪಕ್ಕದಿಂದ ಟಾರ್ಚ್ ಹಿಡಿದೆ. ಆರು ತಿಂಗಳಿಂದ ಅದರಲ್ಲಿ ಬರೀ ಮಂಜು ಕಾಣುತ್ತಿದೆ ಎನ್ನುತ್ತಿದ್ದವರು ಬಗ್ಗಿದರು. ತಿರುಪು ತಿರುಗಿಸಿ ತಿರುಗಿಸಿ ನೋಡಿದರು.

"ಒಂದೇ ಕೊಕ್ಕೆ" ಎಂದರು.

"ಸರಿಯಾಗಿ ನೋಡಿ ಅತ್ತೆ."

"ನೀನೇ ನೋಡು."

ನೋಡಿದೆ. ಒಂದೇ. ಮೂವತ್ತು ವರ್ಷ ನಂಬಿದ್ದು ಸುಳ್ಳಾಗಿತ್ತು. ನನಗೇ ಅಳು ಬಂತು. ಸ್ವಿಚ್ಚಿನ ಕಡೆ ಕೈ ಚಾಚಿದೆ.

"ದೀಪ ಹಾಕ್ಬೇಡ ಕಣೇ" ಎಂದರು ಅತ್ತೆ. ಕೆನ್ನೆ ಒದ್ದೆಯಾಗಿತ್ತು, ಆದರೂ ನಗುತ್ತಿದ್ದರು. "ತಪ್ಪು ಅಂತ ನಾನೇ ನೋಡ್ದೆ. ಯಾರೂ ಬಂದು ಹೇಳ್ಬೇಕಾಗಿ ಬರ್ಲಿಲ್ಲ. ಎಷ್ಟು ಚೆನ್ನಾಗಿದೆ ನೋಡೇ, ಆ ಕೊಕ್ಕೆ! ಇನ್ನೊಂದ್ಸಲ ನೋಡ್ತೀನಿ, ಟಾರ್ಚ್ ಹಿಡಿ."

ಹಿಡಿದೆ. ಕೈ ಜೋಮು ಹಿಡಿಯಿತು. ಬೆಳಕು ಎಲ್ಲಿ ಅಲುಗಾಡುತ್ತದೋ ಎಂದು ಕೈ ಬದಲಿಸಲಿಲ್ಲ.