ಸೀಲಿಲ್ಲದ ಲಕೋಟೆ

ನಾನು ಕಾಮರ್ಸ್ ಮೇಷ್ಟ್ರು. ಹೆಗಲ ಮೇಲೆ ಎರಡು ನಕ್ಷತ್ರ ಇರುವ ಮೇಷ್ಟ್ರು, ಅಷ್ಟೇ ವ್ಯತ್ಯಾಸ. ಮೂರು ತಿಂಗಳ ತರಬೇತಿ ಮುಗಿಸಿ ಬಂದ ಕಾಲೇಜು ಅಧ್ಯಾಪಕನನ್ನು ಎನ್‌ಸಿಸಿಯಲ್ಲಿ ಲೆಫ್ಟಿನೆಂಟ್ ಅನ್ನುತ್ತಾರೆ. ಅಪ್ಪ ಗುತ್ತಲಿನಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ನಮ್ಮ ವಂಶದಲ್ಲಿ ಯಾರಿಗೂ ಯಾರೂ ಸೆಲ್ಯೂಟ್ ಹೊಡೆದದ್ದಿಲ್ಲ. ಹಾಗಾಗಿ ಮಳವಳ್ಳಿಯ ನಮ್ಮ ಕಾಲೇಜಿನಲ್ಲಿ ಹವಾಲ್ದಾರ್ ನಿಂಗಯ್ಯ ಮೊದಲ ದಿನ ಬೂಟು ಕುಟ್ಟಿ "ಜೈ ಹಿಂದ್ ಸುಹೇಲ್ ಸಾಬ್" ಅಂದಾಗ ನನ್ನ ತಲೆ ತಿರುಗಿಹೋಯಿತು. ತಿರುಗಿದ್ದು ಆರು ತಿಂಗಳಾದರೂ ನೆಟ್ಟಗಾಗಲಿಲ್ಲ, ನೋಡಿ.

ನಿಂಗಯ್ಯ ಬಂಡೂರಿನವರು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ. ಹಿಮದಲ್ಲಿ ಎಡಗಾಲಿನ ಎರಡು ಬೆರಳು ಕಳೆದುಕೊಂಡವರು. ಕೆಡೆಟ್‌ಗಳಿಗೆ ಡ್ರಿಲ್ಲು, ರೈಫಲ್ಲು ಕಲಿಸಲೆಂದು ಸೈನ್ಯವೇ ಅವರನ್ನು ನಮ್ಮಲ್ಲಿಗೆ ಕಳಿಸಿತ್ತು. ಹುಡುಗರಿಗೆಲ್ಲ ಅವರು ಉಸ್ತಾದ್. ನನಗೆ ಮಾತ್ರ ಕೈಕೆಳಗಿನವನು. ಈಗ 'ಅವರು' ಅನ್ನುತ್ತೇನೆ. ಆಗ 'ಅವನು' ಅನ್ನುತ್ತಿದ್ದೆ, ನಾಚಿಕೆಗೆಟ್ಟವನು.

ಫೈರಿಂಗ್ ದಿನ ಊರಾಚೆ ಗುಡ್ಡದ ಬುಡದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಹಿಂದೆ ಐದು ಜನ ಕೆಡೆಟ್‌ಗಳು ಬೋರಲು ಮಲಗಿ ಗುರಿಯಿಟ್ಟಿದ್ದರು. ಮೊದಲ ಗುಂಡು ಹಾರುತ್ತಿದ್ದ ಹಾಗೇ ಅವರಲ್ಲಿ ರುಕ್ಸಾರ್ ಎಂಬ ಹುಡುಗಿಯ ಕನ್ನಡಕ ಜಾರಿ ಗೆರೆಯಾಚೆ ಬಿತ್ತು. ಅವಳು ಕುರುಡಿಯ ಹಾಗೆ ನೆಲ ತಡಕತೊಡಗಿದಳು. ಕ್ಲಾಸಿನಲ್ಲಿ ಪೆನ್ನು ಬಿದ್ದರೆ ಬಗ್ಗಿ ಎತ್ತಿಕೊಡುವ ಮೇಷ್ಟ್ರ ಚಾಳಿ ನನ್ನದು. ಎರಡು ಹೆಜ್ಜೆ ಗೆರೆ ದಾಟಿ ಬಗ್ಗಿಯೇಬಿಟ್ಟೆ.

"ಲೇ ಬಡ್ಡೆತ್ತದೆ! ಮಲಿಕ್ಕೊಳ್ಳಲೇ!"

ಮರುಕ್ಷಣ ನನ್ನ ಮುಖ ಕೆಮ್ಮಣ್ಣಿನಲ್ಲಿತ್ತು, ಬೆನ್ನ ಮೇಲೆ ನಿಂಗಯ್ಯನವರ ಪೂರಾ ಭಾರ. ತಲೆಯ ಮೇಲೆ ಏನೋ ಸುಂಯ್ ಎಂದು ಹೋಯಿತು. "ರೋಕೋ!" ಎಂದು ಅವರು ಕೂಗಿದರು, ರೈಫಲ್‌ಗಳು ನಿಂತವು. ಅರವತ್ತು ಕೆಡೆಟ್‌ಗಳೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆ ನಗು ನನ್ನ ಎದೆಗೇ ತಗುಲಿತು.

ನಿಂಗಯ್ಯ ಎದ್ದು, ಸಮವಸ್ತ್ರ ಕೊಡವಿಕೊಳ್ಳದೆಯೇ ಸೆಲ್ಯೂಟ್ ಹೊಡೆದರು. "ಮಾಫಿ ಸಾಬ್." ನಾನು ತಿರುಗಿ ಸೆಲ್ಯೂಟ್ ಕೊಡಲಿಲ್ಲ. ಬಾಯಲ್ಲಿದ್ದ ಮಣ್ಣು ಉಗುಳಿ ಹೊರಟುಹೋದೆ.

ಮಾರನೆಯ ದಿನ ಶನಿವಾರ. ಸ್ಟಾಫ್ ರೂಮಿನಲ್ಲಿ ಕೂತು ಮಂಡ್ಯದ ಎನ್‌ಸಿಸಿ ಆಫೀಸಿನಲ್ಲಿರುವ ನಮ್ಮ ಕರ್ನಲ್ ಸಾಹೇಬರಿಗೆ ಎರಡು ಪುಟ ಬರೆದೆ. ಅರವತ್ತು ಜನರ ಮುಂದೆ ಅಧಿಕಾರಿಯನ್ನು 'ಲೇ' ಅಂದ, ಬೈದ, ನೆಲಕ್ಕೆ ಕೆಡವಿದ. ಗೆರೆ ದಾಟಿದ್ದನ್ನು ಮಾತ್ರ ಬರೆಯಲಿಲ್ಲ. ಆ ತಿಂಗಳೇ ನಿಂಗಯ್ಯನವರಿಗೆ ನಾಯಬ್ ಸುಬೇದಾರ್ ಬಡ್ತಿ ಬರಬೇಕಿತ್ತು, ಅದೇ ಕೊನೆಯ ಅವಕಾಶ. ದುರ್ನಡತೆಯ ಒಂದು ದೂರು ಸಾಕು, ಹವಾಲ್ದಾರಾಗಿಯೇ ಮನೆಗೆ ಹೋಗಬೇಕು. ಅದು ಗೊತ್ತಿದ್ದೇ ಬರೆದೆ. ಮಾಡಿದ್ದನ್ನು ಮುಚ್ಚಿಡುವುದೇಕೆ?

ಲಕೋಟೆ ಅಂಟಿಸಿ, ಮೇಲೆ ವಿಷಯ ಬರೆದು, ಕಾಲೇಜಿನ ಆಫೀಸಿನಲ್ಲಿ ಕೊಟ್ಟು ಬಂದೆ. ಕೋಪದಲ್ಲಿ ಒಂದು ಮರೆತಿದ್ದೆ. ಪ್ರತಿ ಶನಿವಾರ ನಮ್ಮ ಟಪಾಲನ್ನು ಮಂಡ್ಯಕ್ಕೆ ಹೊತ್ತೊಯ್ಯುವವರು ನಿಂಗಯ್ಯನವರೇ. ಟಪಾಲು ಪುಸ್ತಕದಲ್ಲಿ ಪ್ರತಿ ಕಾಗದದ ವಿಷಯ ಬರೆದಿರುತ್ತಾರೆ, ಒಯ್ಯುವವನು ಅದರ ಪಕ್ಕದಲ್ಲೇ ಸಹಿ ಹಾಕಬೇಕು.

ಹತ್ತು ನಿಮಿಷ ಕಳೆದಿರಬೇಕು, ಬಾಗಿಲಲ್ಲಿ ಬೂಟಿನ ಸದ್ದು. ನಿಂಗಯ್ಯ ಒಳಗೆ ಬಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ಸಾಬ್, ಇದುಕ್ಕೆ ಸೀಲ್ ಆಕಿಲ್ಲ. ಸೀಲಿಲ್ದಿದ್ರೆ ಮಂಡ್ಯ ಆಫೀಸ್ನೋರು ತಗಳಲ್ಲ, ವಾಪಸ್ ಕಳಿಸ್ತಾರೆ."

ನಾನು ಬೆಪ್ಪಾಗಿ ಅವರನ್ನೇ ನೋಡಿದೆ. "ಇದರಲ್ಲೇನಿದೆ ಗೊತ್ತಾ?"

"ಬುಕ್ನಾಗೆ ಬರ್ದವ್ರಲ್ಲ ಸಾಬ್. ಓದೇ ಸೈನ್ ಆಕಿವ್ನಿ."

ಮುಖದಲ್ಲಿ ಸಿಟ್ಟಿಲ್ಲ, ಬೇಡಿಕೆಯಿಲ್ಲ. ತನ್ನ ಕುತ್ತಿಗೆಗೆ ಬರುವ ಕಾಗದ ಸರಿಯಾಗಿ ತಲುಪಲಿ ಎಂದು ಸೀಲು ಕೇಳಲು ಬಂದಿದ್ದರು ಪುಣ್ಯಾತ್ಮ! ಆದರೂ ಹಾಳು ಹಟ ಬಿಡಬೇಕಲ್ಲ? ಸೀಲು ಒತ್ತಿ ಕೊಟ್ಟೆ. ಅವರು ಸೆಲ್ಯೂಟ್ ಹೊಡೆದು ಮದ್ದೂರಿನ ಬಸ್ಸಿಗೆ ಹೊರಟರು.

ಮುಂದಿನ ಪೀರಿಯಡ್ಡಿಗೆ ಹೋದೆ, ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ನಡುವೆಯೇ ಡಸ್ಟರ್ ಎಸೆದು ಬೈಕ್ ಹತ್ತಿದೆ.

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಟಪಾಲಿನ ಚೀಲ ಕಂಕುಳಲ್ಲಿತ್ತು.

"ಆ ಲಕೋಟೆ ಕೊಡಿ ನಿಂಗಯ್ಯ."

"ಕೊಡಕ್ಕಾಗಲ್ಲ ಸಾಬ್. ಸೀಲಾಗದೆ, ಬುಕ್ನಾಗೆ ಏರದೆ. ಇನ್ನು ಇದು ಕರ್ನಲ್ ಸಾಬ್ರುದು."

"ಇದು ನನ್ನ ಆರ್ಡರ್ರು!"

ಅವರು ಅಟೆನ್ಷನ್‌ನಲ್ಲಿ ನಿಂತರು. ಬಾಳೆಹಣ್ಣು ಮಾರುವಾಕೆ ಬುಟ್ಟಿ ಹಿಡಿದೇ ನೋಡುತ್ತಿದ್ದಳು. "ತಪ್ಪು ಆರ್ಡರ್ರು ಸಾಬ್. ನೀವು ಆಫೀಸರು. ನಿಮ್ ಮಾತ ವಾಪಸ್ ತಗಳಾದಾದ್ರೆ ನೀವೇ ಬಂದು ಯೋಳಬೇಕು. ನಾನು ದಾರೀಲಿ ಕೊಟ್ಬುಟ್ರೆ ಇಬ್ಬುರೂ ಕಳ್ಳರಾಯ್ತೀವಿ."

ನನ್ನ ತಲೆ ತಾನೇ ತಗ್ಗಿತು. ಬೈಕ್ ಅಲ್ಲೇ ಬಿಟ್ಟು ಅವರ ಜೊತೆ ಬಸ್ ಹತ್ತಿದೆ. ಖಾಲಿಯಿದ್ದದ್ದು ಒಂದೇ ಸೀಟು. ಅದನ್ನು ಕರ್ಚೀಫಿನಲ್ಲಿ ಒರೆಸಿ "ಕುಂತ್ಕಳಿ ಸಾಬ್" ಅಂದರು. ನೀವೇ ಕೂತುಕೊಳ್ಳಿ ಅಂದರೆ ಕೇಳಲಿಲ್ಲ. ಬೆರಳಿಲ್ಲದ ಕಾಲಿನಲ್ಲಿ ಮಂಡ್ಯದವರೆಗೂ ಕಂಬಿ ಹಿಡಿದು ನಿಂತೇ ಬಂದರು. ಇಂಥವರು ನನಗೆ ಸಾಬ್ ಅನ್ನುತ್ತಾರಲ್ಲ ಎಂದು ನಾನು ಸೀಟಿನಲ್ಲಿ ಕುಗ್ಗಿಹೋದೆ.

ಕರ್ನಲ್ ಸಾಹೇಬರು ಕೊಡಗಿನವರು. ಲಕೋಟೆ ಒಡೆದು ಓದಿ, ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದರು.

"ಹವಾಲ್ದಾರ್, ಅಧಿಕಾರಿಗೆ ಲೇ ಅಂದಿರಾ?"

"ಅಂದೆ ಸಾಬ್. ತಪ್ಪು ನಂದೇ."

"ಯಾಕೆ?"

"'ದಯವಿಟ್ಟು ಮಲಿಕ್ಕಳಿ ಸಾಬ್' ಅನ್ನಕ್ಕೆ ಟೈಮಿರ್ನಿಲ್ಲ."

ನನಗೆ ತಡೆಯಲಾಗಲಿಲ್ಲ. "ಸರ್, ಗೆರೆ ದಾಟಿದವನು ನಾನು. ಗುಂಡು ಹಾರುತ್ತಿದ್ದಾಗ ದಾಟಿದೆ. ಇವರು ಮೈಮೇಲೆ ಬೀಳದಿದ್ದರೆ ಇವತ್ತು ನಾನಿರುತ್ತಿರಲಿಲ್ಲ. ಅದನ್ನು ಬೇಕೆಂದೇ ಬರೆಯಲಿಲ್ಲ."

ಕರ್ನಲ್ ಸಾಹೇಬರ ಮುಖ ಗಂಟಾಯಿತು. "ಸುಳ್ಳು ದೂರು ಕೊಟ್ಟ ಅಧಿಕಾರಿಯ ನಕ್ಷತ್ರ ಬಿಚ್ಚಿಸಬಹುದು, ಗೊತ್ತಾ?"

"ಗೊತ್ತು ಸರ್."

ಆಗ ಪಕ್ಕದಿಂದ, ಯಾರೂ ಕೇಳದೆಯೇ, ನಿಂಗಯ್ಯನವರ ದನಿ ಬಂತು.

"ಸಾಬ್, ಒಂದ್ ಮಾತು. ಕಣ್ ಕಾಣ್ದಂಗೆ ತಡುಕ್ತಿದ್ದ ಮಗೀಗೋಸ್ಕರ ಓಡ್ದೋರು ಇವ್ರು. ಜೀವದ ಭಯ ನೆಪ್ಪೇ ಆಗ್ನಿಲ್ಲ ಇವ್ರಿಗೆ. ಮಿಕ್ಕಿದ್ದ ನಾನು ಕಲಿಸ್ತೀನಿ. ಇವ್ರ್ ನಕ್ಸತ್ರ ಬಿಚ್ಚಬ್ಯಾಡಿ. ಬಿಚ್ಚಲೇಬೇಕು ಅಂದ್ರೆ ನನ್ ತೋಳಿನ ಪಟ್ಟಿ ಬಿಚ್ಚಿ."

ಕರ್ನಲ್ ಸಾಹೇಬರು ನನ್ನ ಎರಡು ಪುಟಗಳನ್ನು ಮೇಜಿನ ಮೇಲೆ ನನ್ನತ್ತ ತಳ್ಳಿ, "ನೀವೇ ಹರಿದುಹಾಕಿ" ಅಂದರು. ಎರಡನ್ನೂ ಚೂರು ಚೂರು ಮಾಡಿದೆ. ಇಪ್ಪತ್ತೆರಡು ವರ್ಷ ಅಪ್ಪಣೆಯಿಲ್ಲದೆ ಮೇಲಧಿಕಾರಿಯ ಮುಂದೆ ಬಾಯಿ ತೆರೆಯದ ಮನುಷ್ಯ, ತನ್ನನ್ನು ಮುಗಿಸಲು ಹೊರಟವನಿಗಾಗಿ ತೆರೆದಿದ್ದರು. ಕಾಗದದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವರಿಬ್ಬರ ಎದುರಿಗೇ, ನಾನು ಅತ್ತುಬಿಟ್ಟೆ.